ಕಾಫಿ ಕಣದಲ್ಲಿ ಕುಂಗ್‌ಫೂ

ಕಳಸ
8-2-1999

ಪ್ರೀತಿಯ ತಮ್ಮ ಗಿರಿಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿ ನಾನು, ಅಪ್ಪ ಚೆನ್ನಾಗಿದ್ದೇವೆ. ನಿನ್ನ ಸುದ್ದಿಗೆ ಕಾಯುತ್ತಿದ್ದೇವೆ. ಬರೆಯುವುದು ತಡವಾಯಿತು, ಬೈಯಬೇಡ. ಕಾಫಿ ಹಣ್ಣಿನ ಕುಯ್ಲು ಮುಗಿಯುವವರೆಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ.

ಕುಯ್ಲು ಮುಗಿದ ಖುಷಿಗೆ ನಿನ್ನೆ ಎಸ್ಟೇಟಿನ ಕಾಫಿ ಕಣದಲ್ಲಿ ಟೀವಿ, ವಿಸಿಆರ್ ಇಡಿಸಿದ್ದರು. ಯಾವ ಸಿನಿಮಾ ಅಂತೀಯ? ನೀನು ಮಸ್ಕತ್ತಿನಿಂದ ಕಳಿಸಿದ ಅದೇ ಕುಂಗ್‌ಫೂ ಕ್ಯಾಸೆಟ್ಟು! ಆ ಚೀನಾದವರು ಏನು ಮಾತಾಡುತ್ತಾರೋ ದೇವರಿಗೇ ಗೊತ್ತು. ಆದರೂ ಕೂಲಿಯವರ ಲೈನ್ ಮನೆಗಳ ತಮಿಳರು, ತುಳುವರು, ನಾವು ಎಲ್ಲ ಒಟ್ಟಿಗೇ ನಕ್ಕೆವು. ಹೀರೋ ಏಣಿ ಹಿಡಿದು ಹೊಡೆದಾಡುವಾಗ ಪಕ್ಕದ ಮನೆ ಮುದ್ದಮ್ಮ, "ಏಣಿ ಮುರೀಬೇಡ ಮಾರಾಯ, ಮೆಣಸು ಕುಯ್ಯಕ್ಕೆ ಬೇಕು!" ಎಂದು ಕೂಗಿದಳು.

ಕಿವಿ ಪೂರ್ತಿ ಹೋದ ಮೇಲೆ ಅಪ್ಪನಿಗೆ ಹಿಡಿಸುವುದು ಇದೊಂದೇ. "ಇದ್ರಲ್ಲಿ ನಂಗೆ ತಪ್ಪಿಹೋಗೋದು ಎಂತದೂ ಇಲ್ಲ" ಅನ್ನುತ್ತಾರೆ. ನಿಮ್ಮ ಕ್ಯಾಂಪಿನಲ್ಲೂ ಬಂಗಾಳಿಗಳು, ಪಠಾಣರು, ಫಿಲಿಪೀನಿನವರೆಲ್ಲ ಶುಕ್ರವಾರ ಇದನ್ನೇ ನೋಡಿ ಬಿದ್ದು ಬಿದ್ದು ನಗುತ್ತಾರೆಂದು ಬರೆದಿದ್ದೆಯಲ್ಲ, ಅದನ್ನು ನಾನು ಅಪ್ಪನಿಗೆ ಕೈಸನ್ನೆಯಲ್ಲಿ ಹೇಳಿದ್ದೆ. ನೀನೂ ಅಲ್ಲಿ ಕೂತು ನಗುತ್ತಿದ್ದೀಯೆಂದು ಅವರಿಗೆ ಸಮಾಧಾನ.

ನಿನ್ನೆ ಮಾತ್ರ ಹಾಗಾಗಲಿಲ್ಲ. ಶೂಟಿಂಗಿನಲ್ಲಿ ಹೀರೋ ನಿಜವಾಗಿ ಪೆಟ್ಟು ತಿಂದದ್ದನ್ನು ಕೊನೆಗೆ ತೋರಿಸುತ್ತಾರಲ್ಲ, ಅದು ಬಂತು. ಬಿದಿರಿನ ಅಟ್ಟಣಿಗೆಯಿಂದ ಜಾರಿ ಬಿದ್ದ. ಎಲ್ಲರೂ ನಗುತ್ತಿರುವಾಗಲೇ ಅಪ್ಪ ಎದ್ದು ಹೋಗಿ ಟೀವಿ ಬಂದ್ ಮಾಡಿಬಿಟ್ಟರು. ಜನ ಬೊಬ್ಬೆ ಹೊಡೆದರು. ಅಪ್ಪನಿಗೆ ಕೇಳಬೇಕಲ್ಲ!

ದೀಪಾವಳಿಗೆ ಬಂದದ್ದೇ ನಿನ್ನ ಕೊನೆಯ ಕಾಗದ. "ಮರಗಸಿಗೆ ಸಿಲ್ವರ್ ಮರ ಹತ್ತಿ ಕೊಂಬೆ ಕಡಿದವನಿಗೆ ಈ ಕಟ್ಟಡದ ಅಟ್ಟಣಿಗೆ ಯಾವ ಲೆಕ್ಕ, ಹಗ್ಗವನ್ನೇ ಕಟ್ಟಿಕೊಳ್ಳುವುದಿಲ್ಲ" ಎಂದು ಜಂಬ ಕೊಚ್ಚಿದ್ದೆ. ಕಳಸದ ಬೂತಿನಿಂದ ನಿಮ್ಮ ಕ್ಯಾಂಪಿಗೆ ಫೋನ್ ಮಾಡಿಸಿದೆ. ಯಾರೋ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ಇಟ್ಟುಬಿಟ್ಟರು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ ಕಣೋ.

ಹಗ್ಗ ಕಟ್ಟಿಕೋ. ಕಳಸೇಶ್ವರ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಸ್ವಾತಿ

ತಾ.ಕ.: ಗುರುವಯ್ಯನ ಮಗ ಮಸ್ಕತ್ತಿನಿಂದ ರಜೆಗೆ ಬಂದಿದ್ದಾನೆ. ನಿಮ್ಮ ಕಡೆ ಅಟ್ಟಣಿಗೆಯೊಂದು ಕುಸಿಯಿತಂತೆ, ಬಿದ್ದವರು ಯಾರೆಂದು ಅವನಿಗೆ ತಿಳಿಯದು. ಮೊನ್ನೆ ನನಗೊಬ್ಬಳಿಗೇ ಮೆಲ್ಲಗೆ ಹೇಳಿದ. ಆದರೆ ಹೇಳುತ್ತಾ ಕೈಯಲ್ಲಿ ಮಾಡಿ ತೋರಿಸಿದ್ದನ್ನು ಅಪ್ಪ ನೋಡಿಬಿಟ್ಟರು. ನಿನ್ನೆ ಕಣದಿಂದ ಬಂದ ಮೇಲೆ ಅಪ್ಪ ನನ್ನನ್ನು ಕೇಳಿದ್ದು ಒಂದೇ: "ಆ ಹೀರೋ ಆಮೇಲೆ ಎದ್ನಾ?" ಎದ್ದ ಎಂದು ತಲೆಯಾಡಿಸಿದೆ. ಗಿರಿ, ಕೈಗೆ ಪೆಟ್ಟಾಗಿದ್ದರೆ ಪಕ್ಕದ ಮಂಚದವನ ಕೈಲಾದರೂ ಎರಡು ಸಾಲು ಬರೆಸು. ಯಾವ ಭಾಷೆಯಾದರೂ ಸರಿ.