ಅಮ್ಮ ದಡಕ್ಕೆ ಬಂದ ದಿನ

ಬಾಬಾ,

ಇವತ್ತು ಅಮ್ಮ ನನ್ನ ಜೊತೆ ಕಡಲಿಗೆ ಬಂದಿದ್ದಳು. ನಿಮ್ಮ ದೋಣಿ ಹಿಂದಿರುಗದ ಮೇಲೆ ನಮ್ಮೂರು ಎಸ್ಸವೀರಾದ ಈ ದಡದ ಕಡೆ ಅವಳು ತಲೆ ಹಾಕಿಯೂ ಮಲಗಿರಲಿಲ್ಲ.

ಅಲೆಯ ಮೇಲೆ ಜಾರುವಾಗ ಕೈಯಲ್ಲಿ ಹಿಡಿಯುವ ಹಾಯಿಯಂಥ ರೆಕ್ಕೆಗೆ ನಾನು ಗಾಳಿ ತುಂಬುವುದನ್ನು ನೋಡಿ, "ಗಂಡುಬೀರಿ, ಇದನ್ನ ಹಿಡ್ಕೊಂಡು ಎಲ್ಲಿಗೆ ಹಾರ್ತೀಯೇ?" ಎಂದಳು.

"ಹಾರಲ್ಲಮ್ಮ. ನಾನು ನಿಲ್ಲೋ ಹಲಗೆ ನೀರಿಂದ ಒಂದು ಮೊಳ ಮೇಲೇಳುತ್ತೆ, ಅಷ್ಟೇ."

ಗಾಳಿ ಚೆನ್ನಾಗಿತ್ತು. ಹಲಗೆಯ ಅಡಿಗೆ ಜೋಡಿಸಿದ ಲೋಹದ ಫಾಯಿಲ್ ಅದನ್ನು ನೀರಿನಿಂದ ಮೇಲೆತ್ತಿತು. ಸದ್ದಿಲ್ಲದೆ ಅಲೆಯ ಇಳಿಜಾರಿನಲ್ಲಿ ಜಾರುತ್ತಿದ್ದೆ. ಅಷ್ಟರಲ್ಲಿ ಅಲೆ ಮುರಿದು ನನ್ನನ್ನು ಒಳಗೆಳೆಯಿತು. ಉಸಿರುಗಟ್ಟಿ ಮೇಲೆ ಬಂದು ನೋಡಿದರೆ, ಈಜು ಬಾರದ ಅಮ್ಮ ತೊಟ್ಟ ಜೆಲ್ಲಾಬಾ ನಿಲುವಂಗಿಯ ಸಮೇತ ಎದೆಮಟ್ಟದ ನೀರಿನಲ್ಲಿ ನಿಂತು, "ತೂದಾ! ತೂದಾ!" ಎಂದು ನನ್ನ ಹೆಸರು ಕೂಗುತ್ತಿದ್ದಳು.

ದಡಕ್ಕೆ ಬಂದದ್ದೇ ಕೆನ್ನೆಗೊಂದು ಬಾರಿಸಿದಳು. ಆಮೇಲೆ ನನ್ನ ಕೈ ಬಿಡಲೇ ಇಲ್ಲ.

"ಅವತ್ತು ಬೆಳಿಗ್ಗೆ ನಿಮ್ಮಪ್ಪ, ನಾನು ಜಗಳ ಆಡಿದ್ವಿ ಕಣೇ. ಅವರು ದೋಣಿಗೆ ಹೊರಟಾಗ ಕಳಿಸ್ಕೊಡೋಕೂ ನಾನು ಒಲೆ ಮುಂದಿಂದ ಏಳಲೇ ಇಲ್ಲ," ಎಂದಳು.

ಅವಳ ಬಟ್ಟೆ ಹಿಂಡಿಕೊಟ್ಟೆ. ಮನೆಗೆ ತಿರುಗುವ ಮೊದಲು ಅಮ್ಮ ಕಡಲಿಗೆ ಮುಖ ಮಾಡಿ, ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸುವಷ್ಟು ಮೆಲ್ಲಗೆ, "ಹೋಗಿ ಬನ್ನಿ" ಎಂದಳು.