ಮೊದಲ ಇಪ್ಪತ್ತು ನಿಮಿಷ

ಮಾರ್ಚ್ 11, ಸೋಮವಾರ

ಪ್ರೆಸ್ಸಿಗೆ ಹತ್ತು ನಿಮಿಷ ತಡ. ಕಂಪ್ಯೂಟರ್ ಮುಂದೆ ಆಗಲೇ ಚೀಟಿಗಳ ಕಟ್ಟು ಕಾಯುತ್ತಿತ್ತು. ಹಿಂದಿನ ರಸ್ತೆಯ ಥಿಯೇಟರಿನದು. ಶುಕ್ರವಾರ ಬಿಡುಗಡೆಯಾದ ಆ ದುಃಖದ ಸಿನಿಮಾ ನೋಡಿ ಜನ ಬರೆದು ಪೆಟ್ಟಿಗೆಗೆ ಹಾಕಿದ ಅಭಿಪ್ರಾಯಗಳು. ಎಲ್ಲವನ್ನೂ ಟೈಪ್ ಮಾಡಬೇಕು. ಹೊಗಳಿದ ನಾಲ್ಕು ಜಾಹೀರಾತಿಗೆ, ಪೂರ್ತಿ ಪಟ್ಟಿ ಹಂಚಿಕೆ ಕಂಪನಿಗೆ.

ಕಥೆ ಕೇಳಿ ತಿಳಿದುಕೊಂಡೆ. ಮಗ ಕೆಲಸದ ಜಾಗದಲ್ಲಿ ಸಾಯುತ್ತಾನೆ. ತಾಯಿ ಎರಡು ಗಂಟೆ ಗೋಡೆ ನೋಡುತ್ತಾಳೆ. ಅಷ್ಟೇ. ಯಂತ್ರ ಯಾರದು, ತಪ್ಪು ಯಾರದು — ಪ್ರಶ್ನೆಯೇ ಇಲ್ಲ. ಸಾವು ಮೋಡದ ಹಾಗೆ ಬಂತು, ಹೋಯಿತು. ಇಂಥದನ್ನು ನಾನು ನೋಡುವುದಿಲ್ಲ. ನೋಡದೆಯೇ ಬರೆಯಬಲ್ಲೆ. ಇದು ರುಚಿಯ ಪ್ರಶ್ನೆಯಲ್ಲ, ನಿಲುವಿನ ಪ್ರಶ್ನೆ.

ಪೇಪರಿನ ಒಬ್ಬ ವಿಮರ್ಶಕ: 'ಮೌನವೇ ಇಲ್ಲಿ ನಾಯಕ.' ಇನ್ನೊಬ್ಬ: 'ಮೊದಲ ಇಪ್ಪತ್ತು ನಿಮಿಷಕ್ಕೆ ಕತ್ತರಿ ಬೇಕಿತ್ತು. ಹುಡುಗ ಮನೆಗೆ ಬರುತ್ತಾನೆ, ನೀರು ಕೇಳುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ.' ಚೀಟಿಗಳಲ್ಲೂ ಹೆಚ್ಚಿನವು ಇದೇ ರಾಗ. ಒಬ್ಬ ಬರೆದಿದ್ದಾನೆ — ಎಸಿ ಚೆನ್ನಾಗಿತ್ತು, ನಿದ್ದೆ ಹತ್ತಿತು, ಹುಡುಗ ಸತ್ತಾಗ ಪಕ್ಕದವರು ಅತ್ತು ಎಬ್ಬಿಸಿಬಿಟ್ಟರು. ಪ್ರೆಸ್ಸಿನ ಯಜಮಾನರು ಅದನ್ನು ಎರಡು ಸಲ ಓದಿಸಿಕೊಂಡು ಕನ್ನಡಕ ತೆಗೆದು ನಕ್ಕರು.

ಅಣ್ಣ ಹೋಗಿ ಎಂಟು ತಿಂಗಳು. ಗೋದಾಮಿನ ಲಿಫ್ಟು. ಹಗ್ಗ ಸವೆದಿದೆ ಎಂದು ಮೂರು ಸಲ ಹೇಳಿದ್ದ. 'ಅಚಾತುರ್ಯ' ಎಂದು ಒಂದೇ ಪದದಲ್ಲಿ ಫೈಲು ಮುಚ್ಚಿದರು. ನಾನು ಅತ್ತಿಲ್ಲ. ಉತ್ತರ ಸಿಗುವವರೆಗೆ ಅಳುವುದಿಲ್ಲ.

ಮಾರ್ಚ್ 14, ಗುರುವಾರ

ಅಮ್ಮ ಮಾತಾಡಿದಳು. ತಾನಾಗಿಯೇ.

ದರ್ಜಿ ಅಂಗಡಿಯಿಂದ ತಂದ ಶರ್ಟುಗಳಿಗೆ ಗುಂಡಿ ಹೊಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಿಮ್ಮಣ್ಣ ಒಂದೇ ಉಸಿರಿಗೆ ಲೋಟ ಖಾಲಿ ಮಾಡ್ತಿದ್ದ." ಎಂಟು ತಿಂಗಳಲ್ಲಿ ಅವನ ಮಾತೆತ್ತಿದ್ದು ಇದೇ ಮೊದಲು.

ನಮ್ಮ ಸಂಘದ ಕರಪತ್ರಗಳ ಫಲ. ಅವಳಿಗೆ ಓದು ಬರಹ ಇಲ್ಲ. ದಿನಾ ಊಟಕ್ಕೆ ಮುಂಚೆ ಒಂದು ಪುಟ ಓದಿ ಹೇಳುತ್ತೇನೆ. ಸುಮ್ಮನೆ ಕೇಳುತ್ತಾಳೆ. ಒಳಗೆ ಎಲ್ಲೋ ಇಳಿಯುತ್ತಿರಬೇಕು.

ಮಧ್ಯಾಹ್ನ ನೂಲು ತರಲು ಹೋಗುತ್ತೇನೆ ಎಂದಳು. ನಿನ್ನೆ, ಮೊನ್ನೆಯೂ ಹೋಗಿದ್ದಳು. ಇಷ್ಟು ಬೇಗ ಮುಗಿಯಿತೇ ಎಂದೆ. ಗುಂಡಿ ಜಾಸ್ತಿ ಎಂದಳು. ಹೋಗಲಿ. ನಾಲ್ಕು ಹೆಜ್ಜೆ ನಡೆದ ಹಾಗೂ ಆಗುತ್ತದೆ.

ಮಾರ್ಚ್ 19, ಮಂಗಳವಾರ. ಬೆಳಿಗ್ಗೆ 11

ಸಿಕ್ಕಿತು!

ಹನ್ನೊಂದು ಚೀಟಿ, ಒಂದೇ ಕೈ. ಹಸಿರು ಶಾಯಿ. ಅಕ್ಷರ ನೋಡುವುದೇ ನನ್ನ ಹೊಟ್ಟೆಪಾಡು — 'ಳ'ದ ಬಾಲ ಎಲ್ಲದರಲ್ಲೂ ಒಂದೇ ರೀತಿ ಸುರುಳಿ. ಏಳು ಚೀಟಿಗಳು ಆ ಇಪ್ಪತ್ತು ನಿಮಿಷದ ಬಗ್ಗೆಯೇ.

'ಹುಡುಗ ನೀರು ಕೇಳುವ ಜಾಗ ಚೆನ್ನಾಗಿದೆ. ನಾಳೆಯೂ ಬರುತ್ತೇನೆ.'
'ಇವತ್ತೂ ಕೇಳಿದ. ಸಮಾಧಾನ ಆಯಿತು.'
'ಎತ್ತರದ ಹುಡುಗ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಾನೆ. ತಾಯಿಯಾದವಳಿಗೆ ಇಷ್ಟು ಸಾಕು. ತೆಗೆಯಬೇಡಿ.'

ಯಾವ ಮನುಷ್ಯರು ಹೀಗೆ ಬರೆಯುತ್ತಾರೆ? ಥಿಯೇಟರಿನವರೇ ಕೂತು ಬರೆಸಿದ್ದು. ಉಳಿದ ನಾಲ್ಕರಲ್ಲಿ 'ಹಾಡೇ ಇಲ್ಲ', 'ಸೀಟು ಚುಚ್ಚುತ್ತದೆ' ಅಂತ ಇದೆ. ಅನುಮಾನ ಬಾರದಿರಲೆಂದು ಸೇರಿಸಿದ್ದಾರೆ. ಜಾಣರು.

ಯಜಮಾನರಿಗೆ ತೋರಿಸಿದೆ. ಚೀಟಿಗಳನ್ನು ಬೆಳಕಿಗೆ ಹಿಡಿದು, "ಏನಮ್ಮಾ ಕ್ರಾಂತಿ, ಐದು ನಿಮಿಷದ ದಾರಿ. ಒಂದು ಸಲ ಹೋಗಿ ಕೇಳಬಾರದಾ?" ಎಂದರು. ಕಳ್ಳತನ ಮಾಡಿದವರನ್ನೇ ಕೇಳಬೇಕೇ ಎಂದೆ. ಚೀಟಿ ವಾಪಸು ಕೊಟ್ಟು ಪ್ರೂಫ್ ತಿದ್ದಲು ಹೋದರು.

ಮಾರ್ಚ್ 20

ಬರೆದೆ. ಹೊಸ ಕರಪತ್ರ, ಒಂದೇ ಪಟ್ಟಿಗೆ, ಹೊಡೆದುಹಾಕದೆ. ತಲೆಬರಹ: 'ಬಾಡಿಗೆ ಕಣ್ಣೀರು'.

'...ನಿಜವಾದ ತಾಯಂದಿರು ಉತ್ತರ ಕೇಳುತ್ತಿದ್ದಾರೆ. ಈ ಚೀಟಿಗಳ ತಾಯಿ ನೀರಿನ ಲೋಟ ಹಿಡಿದು ಸಮಾಧಾನಪಡುತ್ತಾಳೆ. ಇಂಥ ತಾಯಿ ಎಲ್ಲಿಯೂ ಇಲ್ಲ. ಅವಳನ್ನು ಹೆತ್ತದ್ದು ಒಂದು ಹಸಿರು ಪೆನ್ನು.'

ಕೊನೆಯ ಸಾಲು ಬಂದಾಗ ಮೈ ಜುಮ್ಮೆಂದಿತು. ಅಣ್ಣ ಇದ್ದಿದ್ದರೆ ಬೆನ್ನಿಗೊಂದು ಗುದ್ದುತ್ತಿದ್ದ. ಮೊದಲ ಕರಪತ್ರ ಮನೆಗೆ ತಂದವನು ಅವನೇ. ಬುತ್ತಿ ಡಬ್ಬಿಯ ಕೆಳಗೆ ಮಡಚಿಟ್ಟು.

ಮಾರ್ಚ್ 23, ಶನಿವಾರ

ಬೆಳಗಿನ ಆಟಕ್ಕೆ ಥಿಯೇಟರ್ ಗೇಟಿನಲ್ಲಿ ಹಂಚಿದೆ. ನಾನೂರು ಪ್ರತಿ. ಕೆಲವರು ಓದಿದರು. ಕೆಲವರು ಬೀಸಣಿಗೆ ಮಾಡಿಕೊಂಡರು. ಇಬ್ಬರು ಟಿಕೆಟ್ ತೆಗೆಯದೆ ತಿರುಗಿದರು — ನನ್ನ ಕಣ್ಣೆದುರೇ!

ವಯಸ್ಸಾದ ಒಬ್ಬರು ಪೂರ್ತಿ ಓದಿ, ಮಡಚಿ ನನ್ನ ಕೈಗೇ ಇಟ್ಟರು. ಸಿನಿಮಾ ನೋಡಿದ್ದೀರಾ ಎಂದರು. ಇಲ್ಲ ಎಂದೆ. "ನಮ್ಮನೆಯವಳು ಹೋದ ಮೇಲೆ ಇವತ್ತೇ ಆಚೆ ಬಂದಿರೋದು. ಇದೊಂದು ದಿನ ನಮ್ಮನ್ನ ಬಿಟ್ಟುಬಿಡಮ್ಮ." ಒಳಗೆ ಹೋದರು. ಉತ್ತರ ಇತ್ತು ನನ್ನ ಹತ್ತಿರ. ಅಷ್ಟರಲ್ಲಿ ಬಾಗಿಲು ಹಾಕಿದರು.

ಮಾರ್ಚ್ 26, ಮಂಗಳವಾರ

ಪೇಪರಿನಲ್ಲಿ ಬಂತು. ಮೌನವೇ ನಾಯಕ ಎಂದಿದ್ದವನೇ ಈಗ 'ಹಸಿರು ಶಾಯಿಯ ನಾಟಕ' ಎಂದು ಬರೆದಿದ್ದಾನೆ. ಮಧ್ಯಾಹ್ನ ಕಂಪನಿಯಿಂದ ಫೋನು. ಹಸಿರು ಚೀಟಿಗಳನ್ನು ಪಟ್ಟಿಯಿಂದ ತೆಗೆದು ಕಳಿಸಿ. ತೆಗೆದೆ. ಆ ಇಪ್ಪತ್ತು ನಿಮಿಷ ಇರಲಿ ಎಂದದ್ದು ಆ ಹಸಿರು ಚೀಟಿಗಳು ಮಾತ್ರ. ಇನ್ನು ಪಟ್ಟಿ ತುಂಬ 'ಕತ್ತರಿಸಿ'.

ಸಂಜೆಗೆ ಹೊಸ ಪೋಸ್ಟರಿನ ಆರ್ಡರ್. ನಾನೇ ಜೋಡಿಸಿದೆ: 'ಶುಕ್ರವಾರದಿಂದ — ಇಪ್ಪತ್ತು ನಿಮಿಷ ಚುರುಕು!' ಟಿಕೆಟ್ ಕೌಂಟರಿನ ಹೆಂಗಸನ್ನು ಕೆಲಸದಿಂದ ತೆಗೆದರಂತೆ. ಅಕ್ಷರ ಅವಳದೇ.

ನಾನು ಕೇಳಿದ್ದು ಕತ್ತರಿಯಲ್ಲ. ಆದರೂ ಅಲುಗಾಡಿದರಲ್ಲ. ನಮ್ಮ ಒಂದು ಹಾಳೆಗೆ!

ಅಮ್ಮನಿಗೆ ಹೇಳಿದೆ, ಥಿಯೇಟರಿನವರ ಮೋಸವೊಂದನ್ನು ಬಯಲು ಮಾಡಿದೆ ಎಂದು. "ಒಳ್ಳೇದಾಯ್ತು ಪುಟ್ಟಿ" ಎಂದಳು. ಸೂಜಿಗೆ ದಾರ ಪೋಣಿಸಲು ಕೊಟ್ಟಳು.

ಮಾರ್ಚ್ 29, ಶುಕ್ರವಾರ. ಸಂಜೆ 6

ಮನೆಗೆ ಬಂದರೆ ಅಮ್ಮ ನೆಲದ ಮೇಲೆ. ಕಾಲಲ್ಲಿ ಚಪ್ಪಲಿ. ಪಕ್ಕದಲ್ಲಿ ಗೊತ್ತಿಲ್ಲದ ಹೆಂಗಸು, ಮಡಿಲಲ್ಲಿ ಅಮ್ಮನ ಚೀಲ.

ಕೌಂಟರಿನವಳು. ತನ್ನ ಸಾಮಾನು ತೆಗೆದುಕೊಳ್ಳಲು ಹೋಗಿದ್ದಳಂತೆ. ಅಮ್ಮ ಥಿಯೇಟರಿನ ಬಾಗಿಲ ಹೊರಗೆ ಗೋಡೆ ಹಿಡಿದು ನಿಂತಿದ್ದಳಂತೆ.

ಅವಳೇ ಹೇಳಿದಳು. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಅವಳು ಬರೆದುಕೊಡುತ್ತಿದ್ದಳು, ಎಲ್ಲ ಸಿನಿಮಾಕ್ಕೂ. ಈ ಅಮ್ಮ ದಿನಾ ಮಧ್ಯಾಹ್ನದ ಆಟಕ್ಕೆ ಬರುವರು. ಹುಡುಗ ನಾಲ್ಕು ಸಲ ಮನೆಗೆ ಬಂದು ನೀರು ಕೇಳುವುದನ್ನು ನೋಡುವರು. ಐದನೇ ಸಲ ಅವನು ಕೆಲಸಕ್ಕೆ ಹೊರಟ ಕೂಡಲೇ ಎದ್ದು ಬರುವರು. ಅವನು ಸಾಯುವುದನ್ನು ಒಂದು ದಿನವೂ ನೋಡಿಲ್ಲ. ಅದೇ ದನಿ ಅನ್ನುವರು. ಯಾರ ದನಿ ಎಂದು ಇವಳು ಕೇಳಿರಲಿಲ್ಲ.

"ನಿಮ್ಮಮ್ಮ ಅಂತ ನಂಗೆ ಗೊತ್ತಿರಲಿಲ್ಲ. ನೀವೂ ಬಂದು ಕೇಳಲಿಲ್ಲ." ಬೈಗುಳದ ಹಾಗೆ ಹೇಳಲಿಲ್ಲ. ಚೀಲ ಕೊಟ್ಟು ಹೋದಳು. ಒಳಗೆ ನೂಲಿನ ಉಂಡೆ ಒಂದೂ ಇರಲಿಲ್ಲ.

ಇವತ್ತು ಸಿನಿಮಾ ಸ್ಟ್ರೆಚರಿನಿಂದ ಶುರುವಾಗಿದೆ. ಅಮ್ಮನಿಗೆ ಏಳಲು ಸಮಯ ಸಿಗಲಿಲ್ಲ.

"ಬಾಗಿಲು ತೆಗೆದ್ರು, ಹೊತ್ಕೊಂಡು ಬಂದ್ರು ಪುಟ್ಟಿ. ನೀರೂ ಕೇಳಲಿಲ್ಲ."

ಮಾರ್ಚ್ 31

ಅಮ್ಮ ಕೇಳಿದಳು: "ಕತ್ತರಿಸಿದ ಚೂರು ಎಲ್ಲಿಟ್ಟಿರ್ತಾರೆ?"

ಬಟ್ಟೆಯ ಚೂರಿನ ಹಾಗೆ ಅಂದುಕೊಂಡಿದ್ದಾಳೆ. ದರ್ಜಿ ಅಂಗಡಿಯಲ್ಲಿ ಒಂದೂ ಎಸೆಯುವುದಿಲ್ಲ.

ಥಿಯೇಟರ್ ಮ್ಯಾನೇಜರ್ ಹತ್ತಿರ ಹೋದೆ. ಸಿನಿಮಾದ ಹೊಸ ಕಂಪ್ಯೂಟರ್ ಫೈಲು ಬಂತು, ಹಳೆಯದು ಅಳಿಸಿಹೋಯಿತು, ಎಲ್ಲ ಊರಲ್ಲೂ ಹಾಗೆಯೇ ಎಂದ. ಕಂಪನಿಗೆ ಕಾಗದ ಬರೆಯಿರಿ ಎಂದು ಕೈ ಮುಗಿದು ಕೇಳಿದೆ. ನಾನು ಯಾರಿಗೂ ಕೈ ಮುಗಿದವಳಲ್ಲ. "ನಿಮ್ಮ ಹಾಳೆ ಓದಿಯೇ ಅಲ್ಲವಾ ಮೇಡಂ ಕತ್ತರಿಸಿದ್ದು? ಈಗ ಇನ್ನೊಂದು ಹಾಳೆ ಬರೀರಿ" ಎಂದ. ನಗಲೂ ಇಲ್ಲ. ಗುರುವಾರ ಸಿನಿಮಾ ಎತ್ತುತ್ತಾರೆ. ಚುರುಕಾದ ಮೇಲೂ ಜನ ಬರಲಿಲ್ಲ.

ಏಪ್ರಿಲ್ 2

ಮುಚ್ಚಿಡುವುದು ಹೇಡಿತನ. ಹೇಳಿದೆ. ಕತ್ತರಿಯ ಹಿಂದೆ ಇದ್ದದ್ದು ನನ್ನ ಕರಪತ್ರವೇ ಎಂದು.

"ಓದು" ಎಂದಳು.

ಓದಿದೆ. ಇಂಥ ತಾಯಿ ಎಲ್ಲಿಯೂ ಇಲ್ಲ — ಆ ಸಾಲನ್ನೂ ಬಿಡಲಿಲ್ಲ. ಇನ್ನೊಂದು ಸಲ ಓದು ಎಂದಳು. ಓದಿದೆ. ಗುಂಡಿ ಹೊಲಿದು ಮುಗಿಸಿ ಹಲ್ಲಿನಿಂದ ದಾರ ಕಡಿದಳು.

"ಚೆನ್ನಾಗಿ ಬರೆದಿದೀಯ. ನಿಮ್ಮಣ್ಣ ಇದ್ದಿದ್ರೆ ಖುಷಿ ಪಡ್ತಿದ್ದ."

ಕುಹಕ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ 11

ಅಮ್ಮ ಮತ್ತೆ ಮಾತು ಬಿಟ್ಟಿದ್ದಾಳೆ. ದರ್ಜಿ ಅಂಗಡಿಯ ಕಟ್ಟು ಬಿಚ್ಚದೆ ಬಿದ್ದಿದೆ. ಕರಪತ್ರ ಓದಲು ಕೂತರೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ.

ಏಪ್ರಿಲ್ 14, ಭಾನುವಾರ. ಮಧ್ಯಾಹ್ನ

ಎರಡೂವರೆಗೆ ಎದ್ದು ಕೂತಳು. ಆಟ ಶುರುವಾಗುವ ಹೊತ್ತು. ಹತ್ತಿರ ಕರೆದಳು.

"ನಿಂಗೆ ನೆನಪಿರತ್ತಲ್ಲ. ಅವನು ಹೇಗೆ ಕೇಳ್ತಿದ್ದ, ಒಂದು ಸಲ ಹೇಳು. ಅವನ ಥರಾನೇ."

ಬಾಗಿಲ ಆಚೆ ಹೋದೆ. ಚಪ್ಪಲಿ ಬಿಟ್ಟೆ. ತಲೆ ಬಗ್ಗಿಸಿ ಒಳಗೆ ಬಂದೆ. ಅಮ್ಮ ಲೋಟ ಹಿಡಿದು ಕಾಯುತ್ತಿದ್ದಳು. ಬಾಯಿ ತೆರೆದೆ.

ಅಣ್ಣ ಆಡಿದ್ದೆಲ್ಲ ನೆನಪಿದೆ ನನಗೆ. ಹಗ್ಗದ ಬಗ್ಗೆ ಹೇಳಿದ್ದು, ಯಾವ ತಾರೀಕು, ಯಾರಿಗೆ. ಒಂದೊಂದು ಪದವೂ. ಒಂಬತ್ತು ತಿಂಗಳು ಎಷ್ಟು ಹಾಳೆಯಲ್ಲಿ ಜೋಡಿಸಿದ್ದೇನೆ! ಎಲ್ಲವೂ ಅಚ್ಚಾಗಿ ಕಣ್ಣ ಮುಂದೆ ಬರುತ್ತದೆ. ಕಪ್ಪು ಅಕ್ಷರ, ಬಿಳಿ ಹಾಳೆ. ದನಿ ಮಾತ್ರ —