ಉಯ್ಯಾಲೆಯ ಬುಡದ ಜೇಕು

ಮಾರ್ಚ್ 4, ಬುಧವಾರ

ಬಾಯ್ಲರ್ ಕಾಯುವಷ್ಟರಲ್ಲಿ ಬಿಸಿಲೇರಿತ್ತು. ಅಕ್ಕನ ಮಗಳು ಪುಟ್ಟಿಯ ಶಿಶುವಿಹಾರದ ಅಂಗಳ. ಇಟ್ಟಿಗೆ ಹಾಸು, ಸಂದುಸಂದಿನಲ್ಲೂ ಕಳೆ. ಗಾಡಿ, ಬಾಯ್ಲರ್ ಭಾವನದು. ಪೈಪ್ ಹಿಡಿದು ಕಳೆಗೆ ಉಗಿ ಬಿಡುವುದು ನಾನು. ಗಿರಾಕಿಗಳ ಹತ್ತಿರ ಮಾತು ಅಕ್ಕನದು.

ಎಲೆ ಸುಟ್ಟು ಕಪ್ಪಾಗಬೇಕಿಲ್ಲ. ಉಗಿ ತಾಗಿದ ಎಲೆಯನ್ನು ಬೆರಳಲ್ಲಿ ಒತ್ತಿದರೆ ಗುರುತು ಗಾಢ ಹಸಿರಾಗಿ ಉಳಿಯಬೇಕು. ಉಳಿದರೆ ಬೆಂದಿದೆ, ಸಂಜೆಗೆ ತಾನೇ ಮಲಗುತ್ತದೆ. ಭಾವ ಪ್ರತಿ ಸಲವೂ ನಗುತ್ತಾರೆ.

“ಏನಮ್ಮ ಪಂಡಿತೆ, ಹುಲ್ಲಿನ ಹತ್ರ ಹೆಬ್ಬೆಟ್ಟು ಒತ್ತಿಸ್ಕೊಂಡಾಯ್ತಾ?”

ಹೆಡ್ ಮಿಸ್ ಮತ್ತೆ ಹೇಳಿದರು — “ಒಂದು ಹನಿ ಔಷಧಿ ಬೀಳಬಾರದು.”

“ಬೀಳಲ್ಲ ಮೇಡಂ. ನನ್ನ ಮಗಳೂ ಇಲ್ಲೇ ಆಡ್ತಾಳಲ್ಲ,” ಎಂದಳು ಅಕ್ಕ.

ತಿಂಗಳ ಕೊನೆಗೆ ಅಂಗಳ ಅವರಿಗೆ ಒಪ್ಪಿಗೆಯಾದರೆ ವರ್ಷವಿಡೀ ಕೆಲಸ ನಮ್ಮದು. ಮೊದಲು ಭಾವ ಬೆನ್ನಿಗೆ ಕ್ಯಾನ್ ಹಾಕಿಕೊಂಡು ಕಳೆ ಕೊಲ್ಲುವ ಔಷಧಿ ಹೊಡೆಯುತ್ತಿದ್ದರು. ಬಿಡಿಸಿದವಳು ಅಕ್ಕ. ಕ್ಯಾನ್ ಈಗ ನಮ್ಮ ಮನೆಯ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದೆ.

ಮಾರ್ಚ್ 5

ಎಲ್ಲ ಮಲಗಿದೆ. ಬೇಯಿಸಿದ ಸೊಪ್ಪಿನ ವಾಸನೆ. ಭಾವ ಅಂಗಳದಲ್ಲಿ ಮದುವೆ ಗಂಡಿನ ಹಾಗೆ ಓಡಾಡಿದರು.

ಮಾರ್ಚ್ 13

ಬೇರೆಲ್ಲ ಕಡೆ ಅಲ್ಲೊಂದು ಇಲ್ಲೊಂದು ಚಿಗುರು. ಉಯ್ಯಾಲೆಯ ಬುಡದಲ್ಲಿ ಮಾತ್ರ ಜೇಕು ಹುಲ್ಲು, ಸೂಜಿ ಚುಚ್ಚಿಟ್ಟಂತೆ ನೆಟ್ಟಗೆ. ಮೇಲಿನದು ಬೆಂದರೂ ನೆಲದೊಳಗಿನ ಗಡ್ಡೆಗೆ ಏನೂ ಆಗಿಲ್ಲ.

“ಮತ್ತೆ ಬಂತಲ್ಲ?” — ಹೆಡ್ ಮಿಸ್.

“ಬರತ್ತೆ ಮೇಡಂ. ಬಂದಾಗಲೆಲ್ಲ ಬೇಯಿಸ್ತಾ ಇದ್ರೆ ಗಡ್ಡೆಗೇ ಸಾಕಾಗತ್ತೆ,” ಎಂದಳು ಅಕ್ಕ.

ಅವರು ಇನ್ನೊಮ್ಮೆ ಜೇಕನ್ನು ನೋಡಿ ಒಳಗೆ ಹೋದರು. ಅಕ್ಕ ಗೇಟಿನ ಹತ್ತಿರ ಸಪ್ಪಗೆ ನಿಂತಳು. ಭಾವ ಅವಳ ಮುಖವನ್ನೇ ನೋಡುತ್ತಿದ್ದರು.

ಮಾರ್ಚ್ 15, ಭಾನುವಾರ

ಇಡೀ ದಿನ ಓದು. ಅನುವಾದದ ಕಾದಂಬರಿ, ದಪ್ಪ. ಅನುವಾದಕರು ಒಂದು ಗಿಡದ ಹೆಸರನ್ನು ಮೂಲದಲ್ಲಿದ್ದಂತೆಯೇ ಬಿಟ್ಟು, ಕೆಳಗೆ ಟಿಪ್ಪಣಿ ಕೊಟ್ಟಿದ್ದಾರೆ: ‘ಒಂದು ಬಗೆಯ ಕಳೆ’. ಯಾವ ಬಗೆ? ಗಡ್ಡೆಯದೋ, ಬೀಜದ್ದೋ? ಸಿಟ್ಟು ಬಂತು.

ಮಧ್ಯಾಹ್ನ ಭಾವ ಒಬ್ಬರೇ ಶಿಶುವಿಹಾರಕ್ಕೆ ಹೋಗಿಬಂದರು. ಸ್ಪ್ಯಾನರ್ ಮರೆತಿದ್ದರಂತೆ.

ಮಾರ್ಚ್ 16

ಪುಟ್ಟಿ ಇವತ್ತು ಶಾಲೆಗೆ ಹೋಗಿಲ್ಲ. ನೆಗಡಿ ಅಂತ ಭಾವ. ಅವಳು ಮಂಚದಿಂದ ಮಂಚಕ್ಕೆ ಹಾರುತ್ತಿದ್ದಳು. ಹಣೆ ಮುಟ್ಟಿದೆ, ತಣ್ಣಗಿತ್ತು.

“ಮೂಗೇ ಸೋರ್ತಿಲ್ವಲ್ಲ ಭಾವ.”

“ಸೋರತ್ತೆ. ನೀನು ಸ್ವಲ್ಪ ತಾಳು.”

ಮಾರ್ಚ್ 17

ಇವತ್ತೂ ಇಲ್ಲ. ಮೂಗು ಇನ್ನೂ ಸೋರಿಲ್ಲ.

“ಅಪ್ಪ ಮಗಳು ಸೇರ್ಕೊಂಡು ನನ್ನ ತಲೆ ಮೇಲೆ ಮೆಣಸು ಅರೀರಿ,” ಎಂದಳು ಅಕ್ಕ. ನಗುತ್ತಲೇ.

ಮಾರ್ಚ್ 25, ಬುಧವಾರ

ಎರಡನೇ ಸಲ ಉಗಿ. ಉಯ್ಯಾಲೆಯ ಹತ್ತಿರ ಹೋದವಳು ಪೈಪ್ ಕೆಳಗಿಟ್ಟೆ. ಜೇಕು ಹಳದಿಯಾಗಿದೆ. ತುದಿಯಿಂದ ಬುಡಕ್ಕೆ, ನಿಂತಲ್ಲೇ. ಉಗಿ ತಿಂದದ್ದು ಅದೇ ದಿನ ಮಲಗುತ್ತದೆ. ನಿಂತುಕೊಂಡು, ಇಷ್ಟು ನಿಧಾನಕ್ಕೆ ಹಳದಿಯಾಗುವುದಿಲ್ಲ. ಹಾಗಾಗುವುದನ್ನು ಮೊದಲು ನೋಡಿದ್ದೇನೆ — ಭಾವ ಕ್ಯಾನ್ ಹೊರುತ್ತಿದ್ದ ಕಾಲದಲ್ಲಿ.

“ಹೋದ ಸಲದ ಉಗಿ ಈಗ ಕೆಲಸ ಮಾಡ್ತಿದೆ ನೋಡು,” ಎಂದರು ಭಾವ. ಅವರನ್ನು ಕೇಳಿದವರಿರಲಿಲ್ಲ.

ಹೆಡ್ ಮಿಸ್‌ಗೆ ಖುಷಿಯೋ ಖುಷಿ. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರನ್ನು ನಿಲ್ಲಿಸಿ ತೋರಿಸಿದರು — “ಬರೀ ಬಿಸಿನೀರಿನ ಹಬೆ ಕಣ್ರೀ!” ಅವರ ಹಿಂದೆ, ಉಯ್ಯಾಲೆಯ ಕೆಳಗೆ, ಒಂದು ಮಗು ಬರಿಗಾಲಲ್ಲಿ ಕೂತು ಹಳದಿ ಗರಿಗಳನ್ನು ಜಡೆ ಹೆಣೆಯುತ್ತಿತ್ತು. ಜಾರದಿರಲೆಂದು ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿತ್ತು.

ಬಿಡಿಸಿದೆ. ಕೈ ಬಾಯಿ ತೊಳೆಸಿದೆ. ಅದು ಜೋರಾಗಿ ಅತ್ತಿತು, ಹೆಡ್ ಮಿಸ್ ನನ್ನನ್ನು ವಿಚಿತ್ರವಾಗಿ ನೋಡಿದರು. ಕೊಳೆ ಇತ್ತು ಎಂದೆ. ಅಷ್ಟೇ ಹೇಳಿದೆ.

ಸಂಜೆ ಶೆಡ್. ಅಲ್ಲಿ ಎಲ್ಲದರ ಮೇಲೂ ಧೂಳು. ಕ್ಯಾನಿನ ಮೇಲಿಲ್ಲ.

ಮಾರ್ಚ್ 26, ಗುರುವಾರ

ಶಾಲೆಗೆ ರಜೆ. ಭಾವ ಶೆಡ್ಡಿನಲ್ಲಿ ಬಾಯ್ಲರ್ ತೊಳೆಯುತ್ತಿದ್ದರು. ಕೇಳಿದೆ.

“ಒಂದೇ ಮೂಲೆ ಕಣಮ್ಮ. ಒಂದೇ ಸಲ.” ಉಜ್ಜುವುದನ್ನು ನಿಲ್ಲಿಸಲಿಲ್ಲ. “ನಿಮ್ಮಕ್ಕ ಅವತ್ತು ಗೇಟಿನ ಹತ್ರ ಮುಖ ಇಷ್ಟು ಮಾಡ್ಕೊಂಡು ನಿಂತಿದ್ದು ನೋಡಿದ್ಯಲ್ಲ? ಅವಳ ಮಾತು ಉಳೀಲಿ ಅಂತ.”

“ಪುಟ್ಟೀನ ಯಾಕೆ ಎರಡು ದಿನ ಮನೇಲಿ ಇಟ್ಕೊಂಡ್ರಿ?”

“ನೆಗಡಿ ಇತ್ತಲ್ಲ.”

ಮೂಗು ಸೋರಲೇ ಇಲ್ಲವಲ್ಲ ಎಂದೆ. ಬ್ರಷ್ ನಿಂತಿತು.

“ಅವಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ತಾಳೆ,” ಎಂದರು.

ಉಳಿದ ಮಕ್ಕಳ ಮಾತು ನಾನು ಎತ್ತಲಿಲ್ಲ. ತಾವಾಡಿದ ಮಾತು ಅವರಿಗೇ ಕೇಳಿಸಿರಬೇಕು. ಬಕೆಟ್ ಎತ್ತಿಕೊಂಡು ಹೊರಗೆ ಹೋದರು. ನಾನು ಓದುತ್ತಿರುವ ಕಾದಂಬರಿಯಲ್ಲಾದರೆ ಇಂಥ ಕಡೆ ಜನ ಹತ್ತು ಪುಟ ಮಾತಾಡುತ್ತಾರೆ. ಬಾಗಿಲಲ್ಲಿ ತಿರುಗಿ ಇವರು ಹೇಳಿದ್ದು ಇಷ್ಟು — “ನಿಮ್ಮಕ್ಕಂಗೆ ಹೇಳ್ಬೇಡ.”

ಸಂಜೆ

ಹೆಡ್ ಮಿಸ್ ಫೋನ್ ಮಾಡಿದ್ದರು. ನಾಳೆ ಬೆಳಿಗ್ಗೆ ಬನ್ನಿ, ವರ್ಷದ ಮಾತು ಮುಗಿಸೋಣ ಎಂದರಂತೆ. ಅಕ್ಕ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಾಳೆ. ಅವಳು ಹಾಡಿದ್ದು ಕೇಳಿ ಎಷ್ಟು ಕಾಲವಾಗಿತ್ತೋ.

“ಏನೇ, ಮುಖ ಯಾಕೆ ಹಂಗೆ? ಬೇಯಿಸಿದ ಕಳೆ ಥರ ಇದೀಯ.”

“ಏನಿಲ್ಲ ಅಕ್ಕ.”

“ನಾನು ಹೇಳಿರಲಿಲ್ವಾ, ಗಡ್ಡೆಗೇ ಸಾಕಾಗತ್ತೆ ಅಂತ?”

ಭಾವ ತಟ್ಟೆ ನೋಡುತ್ತಾ ಊಟ ಮಾಡಿದರು.

ಹಗ್ಗ, ಕೈಗವಸು, ಸಲಿಕೆ ಬಾಗಿಲ ಬಳಿ ಇಟ್ಟಿದ್ದೇನೆ. ಮಕ್ಕಳು ಬರುವ ಮುಂಚೆ ಉಯ್ಯಾಲೆಯ ಸುತ್ತ ಹಗ್ಗ ಕಟ್ಟುವುದು. ಹಳದಿಯಾದದ್ದನ್ನೆಲ್ಲ ಮಣ್ಣಿನ ಸಮೇತ ತೆಗೆಯುವುದು. ಯಾಕೆ ಅಂತ ಹೆಡ್ ಮಿಸ್ ಕೇಳುತ್ತಾರೆ. ಹೇಳುವುದು. ಕೆಲಸ ಹೋಗುತ್ತದೆ, ಹೋಗಲಿ. ಆದರೆ ಅಕ್ಕನಿಗೆ ಇದು ಅಂಗಳದಲ್ಲಿ, ಹೆಡ್ ಮಿಸ್ ಎದುರು ಗೊತ್ತಾಗಬಾರದು. ಮೊದಲು ಅವಳಿಗೆ. ಮನೆಯಲ್ಲೇ. ಬೆಳಿಗ್ಗೆ ಪುಟ್ಟಿಗೆ ಜಡೆ ಹಾಕುತ್ತಾ ಕೂತಿರುತ್ತಾಳಲ್ಲ, ಆಗ —